ಧರ್ಮಾರ್ಥ ನೇತ್ರಶಿಬಿರಗಳು: ದಾನವೂ ಹೊಣೆಯೂ

ಅನ್ನದಾನ ವಿದ್ಯಾದಾನಗಳೊಡನೆ ದೃಷ್ಟಿದಾನವನ್ನೂ ಎಣಿಸುವ ವಾಡಿಕೆ ಈ ದೇಶದಲ್ಲಿ ಬಹು ಪ್ರಾಚೀನವಾದುದೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತಲೆದೋರಿ, ಉತ್ತರಾರ್ಧದಲ್ಲಿ ಊರೂರಿಗೂ ಹಬ್ಬಿದ ಧರ್ಮಾರ್ಥ ನೇತ್ರಶಿಬಿರಗಳೇ ಈ ವಾಡಿಕೆಗೆ ಮೂಲ. ಶಾಲೆಯ ಹಜಾರದಲ್ಲಿಯೋ ಛತ್ರದಲ್ಲಿಯೋ ಮೇಜುಗಳನ್ನು ಸಾಲಾಗಿ ಹಾಕುವರು. ಊರಿನ ವರ್ತಕರು ಅಕ್ಕಿಬೇಳೆ ಒದಗಿಸುವರು. ತರುಣರು ಹಳ್ಳಿಹಳ್ಳಿಯಿಂದ ಮುದುಕರನ್ನು ಕೈಹಿಡಿದು ಕರೆತರುವರು. ಪರಸ್ಥಳದಿಂದ ಬಂದ ವೈದ್ಯರು ಬೆಳಗಿನಿಂದ ಸಂಜೆಯವರೆಗೆ ಶಸ್ತ್ರವನ್ನು ಕೆಳಗಿಡದೆ ದುಡಿಯುವರು. ವರ್ಷಗಟ್ಟಲೆ ಗೋಡೆ ತಡವಿಕೊಂಡು ನಡೆದವಳು ವಾರದೊಳಗೆ ಮೊಮ್ಮಗನ ಮುಖವನ್ನು ಗುರುತಿಸುವಳು. ಇದನ್ನು ಕಂಡ ಜನರು ಕೈಮುಗಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದೇ ಶಿಬಿರಗಳಿಂದ, ಇದ್ದ ಅಲ್ಪಸ್ವಲ್ಪ ಬೆಳಕನ್ನೂ ಕಳೆದುಕೊಂಡು ಮನೆಗೆ ಹಿಂದಿರುಗಿದವರೂ ಉಂಟು. ಅವರ ಸಂಗತಿ ಸತ್ಕಾರ ಸಮಾರಂಭಗಳ ಭಾಷಣಗಳಲ್ಲಿ ಬರುವುದಿಲ್ಲ. ನ್ಯಾಯಾಲಯದ ಕಡತಗಳಲ್ಲಿ ಬರುತ್ತದೆ.

ಕಣ್ಣಿನ ಪೊರೆಯೆಂಬುದು ಮೇಲೆ ಬೆಳೆದ ಚರ್ಮವೆಂದು ಹಲವರು ತಿಳಿದಿರುವುದುಂಟು. ಅದು ಹಾಗಲ್ಲ. ಪಾಪೆಯ ಹಿಂದಿರುವ ಸ್ವಚ್ಛವಾದ ಮಸೂರವು ವಯಸ್ಸಾದಂತೆ ಮಬ್ಬಾಗಿ ಬೆಳಕನ್ನು ತಡೆಯುವುದೇ ಪೊರೆ. ಸುಶ್ರುತಸಂಹಿತೆಯಲ್ಲಿ ಇದಕ್ಕೆ ಶಲಾಕೆಯ ಚಿಕಿತ್ಸೆ ಹೇಳಿದೆ. ಸೂಜಿಯಂಥ ಶಲಾಕೆಯನ್ನು ಕಣ್ಣಿಗೆ ಹೊಗಿಸಿ ದೃಷ್ಟಿಯ ಅಡ್ಡಿಯನ್ನು ನೀಗುವ ಈ ವಿದ್ಯೆ, ಮಬ್ಬಾದ ಮಸೂರವನ್ನು ಕಣ್ಣೊಳಗೇ ಕೆಳಕ್ಕೆ ತಳ್ಳಿಬಿಡುವ ಕ್ರಿಯೆಯಾಗಿ ಅಲೆಮಾರಿ ವೈದ್ಯರ ಕೈಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂದಿತು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ಟರು ಇಂಥವರ ಕೈಯಲ್ಲಿ ಕೆಟ್ಟ ಕಣ್ಣುಗಳನ್ನು ಬಹುಕಾಲ ಪರಿಶೀಲಿಸಿ, 1917ರಲ್ಲಿ ಲಂಡನ್ನಿನ ಶಸ್ತ್ರವೈದ್ಯರ ರಾಯಲ್ ಕಾಲೇಜಿನಲ್ಲಿ ಈ ವಿಷಯವಾಗಿ ಉಪನ್ಯಾಸಗಳನ್ನು ಮಾಡಿದರು. ಶಲಾಕೆಯನ್ನು ಹಾಕಿದೊಡನೆ ರೋಗಿಗೆ ತುಸು ಬೆಳಕು ಕಾಣುವುದು. ಬೆರಳೆಷ್ಟೆಂದು ಕೇಳಿದರೆ ಹೇಳುವನು. ವೈದ್ಯನು ಹಣ ಪಡೆದು ಕಣ್ಣಿಗೆ ಪಟ್ಟಿ ಕಟ್ಟಿ ಕೆಲವು ದಿನ ಬಿಚ್ಚಕೂಡದೆಂದು ಹೇಳುವನು. ಪಟ್ಟಿ ಬಿಚ್ಚುವ ಹೊತ್ತಿಗೆ ಅವನು ಇನ್ನೊಂದು ಊರಿನಲ್ಲಿರುವನು. ಕಣ್ಣು ಕೀವುಗಟ್ಟಿದರೆ ಕೇಳತಕ್ಕವರಾರು? ವಾಚಕರು ಈ ಒಂದು ಅಂಶವನ್ನು ನೆನಪಿನಲ್ಲಿಡುವುದು ಯುಕ್ತ. ಮುಂದೆ ಶಸ್ತ್ರ ಬದಲಾಯಿತು, ವಿದ್ಯೆ ಬದಲಾಯಿತು. ಪಟ್ಟಿ ಬಿಚ್ಚುವಾಗ ಕಟ್ಟಿದವನು ಇಲ್ಲದಿರುವ ಪದ್ಧತಿ ಮಾತ್ರ ಬಹುಕಾಲ ಬದಲಾಗಲಿಲ್ಲ.

ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಕ್ರಮವನ್ನು ಫ್ರಾನ್ಸಿನ ಜಾಕ್ ದವಿಯೇಲ್ ಎಂಬವರು ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಪ್ರಚುರಪಡಿಸಿದರು. ಇಂಡಿಯಾದಲ್ಲಿ ಅದನ್ನು ಸಹಸ್ರಗಟ್ಟಲೆ ಜನರಿಗೆ ಮುಟ್ಟಿಸಿದವರಲ್ಲಿ ಜಲಂಧರದ ಹೆನ್ರಿ ಸ್ಮಿತ್ ಒಬ್ಬರು. ಪಂಜಾಬಿನ ಮೋಗಾದಲ್ಲಿದ್ದ ಡಾಕ್ಟರ್ ಮಥ್ರಾದಾಸರು ಮತ್ತೊಬ್ಬರು. ಕನ್ನಡ ನಾಡಿನ ಹೆಸರನ್ನು ಈ ಚರಿತ್ರೆಯಲ್ಲಿ ಸ್ಥಿರಗೊಳಿಸಿದವರು ಡಾಕ್ಟರ್ ಎಂ. ಸಿ. ಮೋದಿಯವರು. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಇವರು 1943ರಿಂದ ಸಾಮೂಹಿಕ ಶಸ್ತ್ರಚಿಕಿತ್ಸೆಯನ್ನೇ ಜೀವಿತದ ವ್ರತವಾಗಿ ಹಿಡಿದರು. ರೋಗಿಯು ವೈದ್ಯನಲ್ಲಿಗೆ ಬರಲಾರನಾದರೆ ವೈದ್ಯನೇ ಹೋಗತಕ್ಕದ್ದೆಂಬುದು ಇವರ ನಡೆ. ಒಬ್ಬ ರೋಗಿಯ ಕೆಲಸ ಮುಗಿಯುವಷ್ಟರಲ್ಲಿ ಮುಂದಿನ ಮೇಜಿನವನು ಸಿದ್ಧನಾಗಿರುವಂತೆ ಏರ್ಪಡಿಸಿ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಕ್ರಿಯೆಗಳನ್ನು ನಡೆಸಿದರು. ಗಿನ್ನೆಸ್ ದಾಖಲೆಯ ಗ್ರಂಥದಲ್ಲಿ ಇವರ ಶಸ್ತ್ರಕ್ರಿಯೆಗಳ ಒಟ್ಟು ಲೆಕ್ಕ ಆರು ಲಕ್ಷದ ಸಮೀಪಕ್ಕೆ ಬಂದಿತ್ತು. 2005ರಲ್ಲಿ ತೀರಿಕೊಂಡ ಮೋದಿಯವರ ಹೆಸರನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈಗಲೂ ಭಕ್ತಿಯಿಂದ ಹೇಳುತ್ತಾರೆ. ಅದು ಅವರಿಗೆ ಸಲ್ಲತಕ್ಕದ್ದೇ. ಪೊರೆಯಿಂದ ಕುರುಡಾದವರು ಲಕ್ಷಾಂತರವಾಗಿಯೂ ನೇತ್ರವೈದ್ಯರು ಕೈಬೆರಳಿನಲ್ಲಿ ಎಣಿಸುವಷ್ಟಾಗಿಯೂ ಇದ್ದ ಕಾಲದಲ್ಲಿ, ವೇಗವೇ ಕರುಣೆಯ ಒಂದು ರೂಪವಾಗಿತ್ತು.

ಆ ದಿನಗಳ ಚಿಕಿತ್ಸೆ ಎಂಥದೆಂಬುದನ್ನೂ ಹೇಳಬೇಕು. ಹೊರತೆಗೆದ ಮಸೂರದ ಸ್ಥಾನದಲ್ಲಿ ಬೇರೊಂದನ್ನು ಇಡುತ್ತಿರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿಯವರು 1949ರಲ್ಲಿ ಮೊತ್ತಮೊದಲ ಕೃತಕ ಮಸೂರವನ್ನು ಕಣ್ಣೊಳಗೆ ಇಟ್ಟರಾದರೂ ಅದು ಇಲ್ಲಿನ ಬಡವರಿಗೆ ದೊರಕುವುದಕ್ಕೆ ನಾಲ್ಕು ದಶಕಗಳೇ ಹಿಡಿದವು. ಅಲ್ಲಿಯವರೆಗೆ, ಜನರು ಸೋಡಾಬುಡ್ಡಿಯೆಂದು ಕರೆಯುತ್ತಿದ್ದ ದಪ್ಪ ಕನ್ನಡಕವೇ ಗತಿ. ಶಸ್ತ್ರಕ್ರಿಯೆಯಾದವನು ತಲೆಯಲ್ಲಾಡಿಸದೆ ದಿನಗಟ್ಟಲೆ ಮಲಗಿರಬೇಕು. ಅಷ್ಟು ದಿನವೂ ಅವನ ಕಣ್ಣು, ಅವನಿಗೆ ಪರಿಚಯವೇ ಇಲ್ಲದವರ ಕೈಯ ಶುದ್ಧಿಯನ್ನು ನಂಬಿರುತ್ತಿತ್ತು.

ಅಪಾಯವಿದ್ದುದು ಇಲ್ಲಿಯೇ. ಕಣ್ಣಿನ ಒಳಭಾಗಕ್ಕೆ ರೋಗಾಣುಗಳು ಹೊಕ್ಕರೆ ಅವು ಬೆಳೆಯುವುದಕ್ಕೆ ಅದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಅಲ್ಲಿ ರಕ್ತದ ಸಂಚಾರ ಅತ್ಯಲ್ಪ, ಸೇವಿಸಿದ ಔಷಧಿಯೂ ಸುಲಭವಾಗಿ ಮುಟ್ಟದು. ಮರುದಿನವೋ ಮೂರನೆಯ ದಿನವೋ ನೋವು, ಕೆಂಪು, ಕೀವು. ಹೊತ್ತು ಮೀರಿದರೆ, ನಂಜು ಹರಡದಂತೆ ಕಣ್ಣನ್ನೇ ತೆಗೆಯಬೇಕಾಗುವುದು. ಒಳ್ಳೆಯ ಆಸ್ಪತ್ರೆಗಳಲ್ಲಿಯೂ ಇದು ಸಂಭವಿಸುತ್ತದೆ. ಆದರೆ ಸಾವಿರಕ್ಕೆ ಒಂದೆರಡು, ಅಥವಾ ಅದಕ್ಕೂ ಕಡಮೆ. ಶಿಬಿರದ ಕಥೆಯೇ ಬೇರೆ. ಅಲ್ಲಿ ನೂರು ಕಣ್ಣು ತೊಳೆಯುವುದಕ್ಕೆ ಒಂದೇ ಕಡೆಯಿಂದ ತಂದ ಲವಣಜಲ, ನೂರು ಜನರಿಗೆ ಒಂದೇ ಪಾತ್ರೆಯಲ್ಲಿ ಕುದಿಸಿದ ಉಪಕರಣ, ಒಂದೇ ಬಟ್ಟೆಯ ಗಂಟು. ಆ ಒಂದು ಸೀಸೆ ಕೆಟ್ಟಿದ್ದರೆ ಒಂದು ಕಣ್ಣು ಕೆಟ್ಟು ನಿಲ್ಲುವುದಿಲ್ಲ, ಸಾಲಿಗೆ ಸಾಲೇ ಕೆಡುತ್ತದೆ. ಮೊದಲ ರೋಗಿಯ ಕಣ್ಣು ಕೆಂಪಾಗುವ ಮುನ್ನ ಕೊನೆಯ ರೋಗಿಯ ಶಸ್ತ್ರಕ್ರಿಯೆ ಮುಗಿದಿರುವುದರಿಂದ, ತಪ್ಪನ್ನು ಕಂಡು ನಿಲ್ಲಿಸುವ ಅವಕಾಶವೂ ಇರುವುದಿಲ್ಲ. ಯಾವ ವೇಗದಿಂದ ಸಾವಿರಾರು ಜನರಿಗೆ ಬೆಳಕು ಬಂದಿತೋ ಆ ವೇಗವೇ ಇಲ್ಲಿ ವೈರಿಯಾಯಿತು.

ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯ ಖುರ್ಜಾ ಪಟ್ಟಣದಲ್ಲಿ 1986ರ ಏಪ್ರಿಲ್ ತಿಂಗಳಲ್ಲಿ ನಡೆದುದು ಇದೇ. ಅಲ್ಲಿನ ಲಯನ್ಸ್ ಕ್ಲಬ್ಬಿನವರು ಏರ್ಪಡಿಸಿದ ಶಿಬಿರದಲ್ಲಿ 108 ಮಂದಿಗೆ ಶಸ್ತ್ರಕ್ರಿಯೆಯಾಯಿತು. ಅವರಲ್ಲಿ 88 ಮಂದಿಯದು ಪೊರೆಯ ಶಸ್ತ್ರಕ್ರಿಯೆ. ಅಷ್ಟೇನೂ ಅಪಾಯವಿಲ್ಲದ ಈ ಚಿಕಿತ್ಸೆಯ ಅನಂತರ 84 ಮಂದಿಯ ಕಣ್ಣು ಶಾಶ್ವತವಾಗಿ ಹಾಳಾಯಿತು. ವಿಚಾರಣೆಯಲ್ಲಿ ದೋಷವು ಕಣ್ಣಿಗೆ ಬಳಸಿದ ಲವಣಜಲದ ಕಡೆಗೆ ಬೊಟ್ಟುಮಾಡಿತು. ಸಂಖ್ಯೆಯನ್ನು ಇನ್ನೊಮ್ಮೆ ನೋಡಬೇಕು: ಸಾವಿರಕ್ಕೆ ಒಂದೆರಡು ಆಗತಕ್ಕ ಹಾನಿ ಇಲ್ಲಿ 88ಕ್ಕೆ 84. ಇದನ್ನು ವಿಧಿಯೆಂದು ಕರೆಯುವುದು ವಿಧಿಗೂ ಅನ್ಯಾಯ.

ಸಾರ್ವಜನಿಕ ಹಿತದ ಅರ್ಜಿಯ ಮೂಲಕ ವಿಷಯವು ಸುಪ್ರೀಂ ಕೋರ್ಟಿಗೆ ಹೋಯಿತು. ಎ. ಎಸ್. ಮಿತ್ತಲ್ ವಿರುದ್ಧ ಉತ್ತರ ಪ್ರದೇಶ ಸರ್ಕಾರವೆಂಬ ಈ ಮೊಕದ್ದಮೆಯಲ್ಲಿ 1989ರ ಮೇ ತಿಂಗಳಲ್ಲಿ ತೀರ್ಪನ್ನು ಬರೆದವರು ಬೆಂಗಳೂರಿನವರಾದ, ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದ ಎಂ. ಎನ್. ವೆಂಕಟಾಚಲಯ್ಯನವರು. ತೀರ್ಪು ಎರಡು ಕಡೆಯನ್ನೂ ತೂಗಿ ನೋಡುತ್ತದೆ. ಶಸ್ತ್ರಕ್ರಿಯೆಯಲ್ಲಿ ಸಹಜವಾದ ಅಪಾಯಗಳುಂಟೆಂದೂ, ಯೋಗ್ಯ ಎಚ್ಚರಿಕೆಯಿದ್ದಾಗಲೂ ಕೆಡುಕಾಗಬಹುದೆಂದೂ ಒಪ್ಪುತ್ತದೆ. ಸೇವಾಸಂಸ್ಥೆಗಳ ಉತ್ಸಾಹವನ್ನು ಕುಗ್ಗಿಸಬಾರದೆನ್ನುತ್ತದೆ. ಆದರೆ ಸಮರ್ಥನೂ ಎಚ್ಚರಿಕೆಯುಳ್ಳವನೂ ಆದ ಯಾವ ವೈದ್ಯನೂ ಮಾಡಲಾರದಂಥ ತಪ್ಪು ಅಲಕ್ಷ್ಯವೇ ಎಂದು ಸ್ಪಷ್ಟವಾಗಿ ಹೇಳುತ್ತದೆ. ಶಿಬಿರಗಳ ನಡವಳಿಕೆಗೆ ಸರ್ಕಾರದ ನಿಯಮಗಳು ಹೇಗಿರಬೇಕೆಂಬುದನ್ನೂ ವಿಚಾರಕ್ಕೆ ತೆಗೆದುಕೊಂಡಿತು. ಇಷ್ಟಾದ ಮೇಲೆ ಕಣ್ಣು ಕಳೆದುಕೊಂಡವರಿಗೆ ದೊರೆತುದೇನು? ಆಗಲೇ ಕೊಟ್ಟಿದ್ದ 5,000 ರೂಪಾಯಿಗಳಲ್ಲದೆ ತಲಾ ಇನ್ನು 12,500 ರೂಪಾಯಿಗಳು. ಅದೂ ಮಾನವೀಯ ದೃಷ್ಟಿಯಿಂದ ಸರ್ಕಾರವು ನೀಡತಕ್ಕ ನೆರವೆಂದು. ಕಣ್ಣು ಕೊಡುತ್ತೇವೆಂದು ಕರೆದವರೂ ಕರುಣೆಯಿಂದ ಕರೆದರು. ಕಣ್ಣು ಹೋದ ಮೇಲೆ ಹಣ ಕೊಟ್ಟವರೂ ಕರುಣೆಯಿಂದಲೇ ಕೊಟ್ಟರು. ಎರಡು ಕರುಣೆಗಳ ನಡುವೆ ಹಕ್ಕಿಗೆ ಎಡೆ ದೊರೆಯಲಿಲ್ಲ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಗಾದೆ ಕನ್ನಡಿಗರೆಲ್ಲರಿಗೂ ಗೊತ್ತು. ಶಿಬಿರಕ್ಕೆ ಬಂದ ರೈತನು ಅದನ್ನು ಮನಸಾ ನಂಬಿದವನು. ಊಟ ಹಾಕಿದವರನ್ನು, ಕಂಬಳಿ ಹೊದಿಸಿದವರನ್ನು, ಈ ನೀರನ್ನು ಕುದಿಸಿದ್ದೀರಾ ಎಂದು ಕೇಳುವುದು ಅವನಿಗೆ ಕೃತಘ್ನತೆಯಾಗಿ ತೋರುತ್ತದೆ. ಸೋಜಿಗವೆಂದರೆ, ಕಾನೂನೂ ಬಹುಮಟ್ಟಿಗೆ ಅದೇ ಗಾದೆಯನ್ನು ಅನುಸರಿಸಿತು. ವೈದ್ಯರ ಸೇವೆಯು 1986ರ ಗ್ರಾಹಕ ಸಂರಕ್ಷಣಾ ಶಾಸನದೊಳಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ವಿ. ಪಿ. ಶಾಂತಾ ಅವರ ಮೊಕದ್ದಮೆಯಲ್ಲಿ 1995ರ ನವೆಂಬರಿನಲ್ಲಿ ಇತ್ಯರ್ಥಪಡಿಸಿತು. ಹಣ ಕೊಟ್ಟವನಿಗೆ ಹಕ್ಕುಂಟು. ಕೆಲವರಿಂದ ಹಣ ಪಡೆದು ಕೆಲವರಿಗೆ ಪುಕ್ಕಟೆಯಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿ ಪುಕ್ಕಟೆಯ ರೋಗಿಗೂ ಹಕ್ಕುಂಟು. ಆದರೆ ಎಲ್ಲರಿಗೂ ಧರ್ಮಾರ್ಥವಾಗಿಯೇ ಚಿಕಿತ್ಸೆ ನಡೆಯುವಲ್ಲಿ, ಹೆಸರು ಬರೆಸಲು ಅಲ್ಪಸ್ವಲ್ಪ ಶುಲ್ಕ ಕೊಟ್ಟಿದ್ದರೂ, ಅದು ಶಾಸನದ ಅರ್ಥದಲ್ಲಿ ಸೇವೆಯಲ್ಲ. ಇಂಥ ರೋಗಿಗೆ ಉಳಿದುದು ಸಾಮಾನ್ಯ ಸಿವಿಲ್ ನ್ಯಾಯಾಲಯ, ಇಲ್ಲವೇ ಪೋಲೀಸು ಠಾಣೆ. ಎರಡಕ್ಕೂ ಬೇಕಾದ ಕಾಲ, ಹಣ, ಓಡಾಟಗಳು ಕಣ್ಣಿದ್ದವರಿಗೇ ದುಸ್ಸಾಧ್ಯ.

ವೈದ್ಯಲೋಕವು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಮಧುರೆಯಲ್ಲಿ ಡಾಕ್ಟರ್ ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯವರು ಹಳ್ಳಿಯಲ್ಲಿ ಶಸ್ತ್ರ ಹಿಡಿಯುವುದನ್ನು ಬಿಟ್ಟು, ಅಲ್ಲಿ ಕಣ್ಣು ಪರೀಕ್ಷಿಸುವುದಷ್ಟನ್ನೇ ಇಟ್ಟುಕೊಂಡರು. ಶಸ್ತ್ರಕ್ರಿಯೆ ಬೇಕಾದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆತಂದು, ಗುಣವಾದ ಮೇಲೆ ಊರು ಮುಟ್ಟಿಸಿದರು. ಸಂಖ್ಯೆ ಕುಗ್ಗಲಿಲ್ಲ, ಹಳ್ಳಿಯ ಧೂಳು ಮಾತ್ರ ಕಣ್ಣಿನಿಂದ ದೂರವಾಯಿತು. ಅಲ್ಲಿಯೂ ಮೇಜಿನ ಸಾಲುಂಟು, ವೇಗವುಂಟು. ಆದರೆ ಮರುದಿನ ಪಟ್ಟಿ ಬಿಚ್ಚುವಾಗ ಹೊಣೆಗಾರನೂ ಅಲ್ಲಿಯೇ ಇರುತ್ತಾನೆ. ಇದೇ ವರ್ಷ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಕಾಲಕ್ರಮದಲ್ಲಿ ಈ ದಾರಿಗೇ ಬಂದು, ತಾತ್ಕಾಲಿಕ ಸ್ಥಳಗಳಲ್ಲಿ ಶಸ್ತ್ರಕ್ರಿಯೆ ನಡೆಸುವುದನ್ನು ನಿರುತ್ಸಾಹಗೊಳಿಸಿತು.

ನಿಯಮವಾದುದೆಲ್ಲವೂ ನಡತೆಯಾಗಲಿಲ್ಲ. ಪಂಜಾಬಿನ ಗುರುದಾಸಪುರ ಜಿಲ್ಲೆಯ ಘುಮಾನಿನ ಶಿಬಿರದಲ್ಲಿ ದೃಷ್ಟಿ ಕಳೆದುಕೊಂಡವರ ಸುದ್ದಿ 2014ರ ಡಿಸೆಂಬರಿನಲ್ಲಿ ಹೊರಬಂದಿತು. 2015ರಲ್ಲಿ ಮಧ್ಯಪ್ರದೇಶದ ಬಡವಾನಿ. 2021ರ ನವೆಂಬರಿನಲ್ಲಿ ಬಿಹಾರದ ಮುಜಫ್ಫರಪುರ. ಈ ಕೊನೆಯ ಊರಿನಲ್ಲಿ ಒಂದೇ ದಿನ 65 ಮಂದಿಗೆ ಶಸ್ತ್ರಕ್ರಿಯೆಯಾಗಿ, ಹಲವರ ಕಣ್ಣನ್ನೇ ತೆಗೆಯಬೇಕಾಯಿತು. ಬಡವಾನಿಯದು ಸರ್ಕಾರಿ ಆಸ್ಪತ್ರೆಯಲ್ಲಿಯೇ ನಡೆದುದು. ಮುಜಫ್ಫರಪುರದ್ದು ಕಣ್ಣಿಗಾಗಿಯೇ ಇದ್ದ ಆಸ್ಪತ್ರೆ. ಗೋಡೆ ಮಾಡುಗಳಿದ್ದ ಮಾತ್ರಕ್ಕೆ ಶುದ್ಧಿ ತಾನಾಗಿ ಬರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯು 1896ರಷ್ಟು ಹಿಂದೆ ಬೇರೂರಿದ ಸಂಸ್ಥೆ. ಹಳೆಯ ಮೈಸೂರು ಸೀಮೆಯಲ್ಲಿ ಅದರಿಂದ ಉಪಕಾರ ಪಡೆಯದ ಮನೆತನ ವಿರಳ. ಅಲ್ಲಿಯೂ 2019ರ ಜುಲೈ 9ರಂದು ಪೊರೆಯ ಶಸ್ತ್ರಕ್ರಿಯೆಯಾದವರಲ್ಲಿ ಅನೇಕರ ಕಣ್ಣಿಗೆ ನಂಜು ತಗಲಿ ದೃಷ್ಟಿ ಹೋಯಿತು. ಶಸ್ತ್ರಕ್ರಿಯೆಯ ಕಾಲದಲ್ಲಿ ಕಣ್ಣೊಳಗೆ ತುಂಬುವ ಅಂಟುದ್ರವದಲ್ಲಿ ಸೂಡೋಮೋನಾಸ್ ಎಂಬ ರೋಗಾಣು ಇತ್ತೆಂದು ವರದಿಯಾಯಿತು. ನೀರುತೇವಗಳಲ್ಲಿ ಸುಖವಾಗಿ ಬದುಕುವ ಅಣು ಇದು. ಖುರ್ಜಾದಲ್ಲಿ ಲವಣಜಲ, ಇಲ್ಲಿ ಅಂಟುದ್ರವ. ಮೂವತ್ತಮೂರು ವರ್ಷಗಳ ಅಂತರದಲ್ಲಿಯೂ ಹೊರಗಿನಿಂದ ಬಂದ ಒಂದು ಸೀಸೆಯನ್ನು ಪರೀಕ್ಷಿಸದೆ ನಂಬುವ ಪದ್ಧತಿಯೇ ನಡೆದಿತ್ತು. ಆ ನವೆಂಬರಿನಲ್ಲಿ ಆಸ್ಪತ್ರೆಯ ಮುಂದೆ ಪ್ರತಿಭಟನೆ, ವೈದ್ಯರ ಮೇಲೆ ಕೈಮಾಡಿದ ಆರೋಪ, ಅದರ ಮೇಲೆ ವೈದ್ಯರ ಮುಷ್ಕರ; ಈ ಗಲಾಟೆಯಲ್ಲಿ ಸೀಸೆಯ ಮಾತು ಹಿಂದೆ ಬಿದ್ದಿತು.

ಅದೇ 2019ರ ಆಗಸ್ಟ್ 9ರಂದು, ಎಂದರೆ ಆ ಶಸ್ತ್ರಕ್ರಿಯೆಗಳಾಗಿ ಸರಿಯಾಗಿ ಒಂದು ತಿಂಗಳಿಗೆ, ಹೊಸ ಗ್ರಾಹಕ ಸಂರಕ್ಷಣಾ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಳೆಯ ಶಾಸನದ ಬಹುಭಾಗವನ್ನು ತಿದ್ದಿ ಬರೆದ ಅದರಲ್ಲಿಯೂ, ಪುಕ್ಕಟೆಯಾಗಿ ಸಲ್ಲಿಸಿದ ಸೇವೆಯು ಸೇವೆಯೆನಿಸದೆಂಬ ಮಾತು ಇದ್ದಂತೆಯೇ ಉಳಿದಿದೆ.