ಅಪೂರ್ಣರ ನಡುವೆ ಒಬ್ಬ ತರುಣ ವಿದ್ವಾಂಸ

ಸಂಗೀತದಲ್ಲಿ ಒಬ್ಬನೇ ಕುಳಿತು ಮಾಡುವ ಸಾಧನೆ ಒಂದು. ನಾಲ್ವರೊಡನೆ ಕುಳಿತು ನುಡಿಸುವ ವಿದ್ಯೆ ಇನ್ನೊಂದು. ಮೊದಲನೆಯದು ಕೈಗೂಡಿದವರಿಗೆಲ್ಲ ಎರಡನೆಯದು ತಾನಾಗಿ ಒದಗುವುದಿಲ್ಲ. ಮೊದಲನೆಯದು ಬೇಗ ಕೈಗೂಡಿದಷ್ಟೂ ಎರಡನೆಯದು ತಡವಾಗುವುದೂ ಉಂಟು. ತನ್ನ ಕಿವಿಗೆ ಕೇಳುವ ತಪ್ಪು ಪಕ್ಕದವನಿಗೆ ಕೇಳಿಸದಿದ್ದಾಗ ಪ್ರತಿಭಾವಂತನಾದ ತರುಣನ ತಾಳ್ಮೆ ಕೆಡುತ್ತದೆ. ಪಕ್ಕದವನಿಗೆ ಆ ತರುಣನ ಮೌನವೇ ಹಮ್ಮಾಗಿ ಕಾಣುತ್ತದೆ. ನಮ್ಮ ಕಛೇರಿಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಯೂರೋಪಿನ ಸಂಗೀತದ ಚರಿತ್ರೆಯಲ್ಲಿ ಇದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವಿದೆ. ಆ ತರುಣನು ಬೇರೆ ಯಾರೂ ಅಲ್ಲ, ಯೋಹಾನ್ ಸೆಬಾಸ್ಟಿಯನ್ ಬಾಖ್. ಅವನ ಇಪ್ಪತ್ತನೆಯ ವಯಸ್ಸಿನ ಜಗಳಗಳು ಊರಿನ ಕಡತಗಳಲ್ಲಿ ದಾಖಲೆಯಾಗಿ ಉಳಿದು ಬಂದಿವೆ. ಆದುದರಿಂದ ಈ ಕಥೆಯನ್ನು ಹೆಚ್ಚಿನ ಊಹೆಯಿಲ್ಲದೆ ಹೇಳಬಹುದಾಗಿದೆ.

ಬಾಖ್ ಹುಟ್ಟಿದುದು 1685ನೆಯ ಇಸವಿಯಲ್ಲಿ, ಜರ್ಮನಿಯ ಐಸನಾಖ್ ಎಂಬ ಊರಿನಲ್ಲಿ. ಮನೆತನಕ್ಕೆ ಮನೆತನವೇ ಸಂಗೀತಗಾರರದು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನೂ, ಮರುವರ್ಷ ತಂದೆಯನ್ನೂ ಕಳೆದುಕೊಂಡ ಹುಡುಗನು ಓರ್‌ಡ್ರುಫ್ ಎಂಬಲ್ಲಿ ಆರ್ಗನ್ ವಾದಕನಾಗಿದ್ದ ಅಣ್ಣನ ಮನೆಯನ್ನು ಸೇರಿದನು. ಅಣ್ಣನು ಬೀರುವಿನಲ್ಲಿ ಬಚ್ಚಿಟ್ಟಿದ್ದ ಒಂದು ಸಂಗೀತದ ಹೊತ್ತಗೆಯನ್ನು ಹುಡುಗನು ರಾತ್ರಿಯ ವೇಳೆ ಕದ್ದು ತೆಗೆದು, ದೀಪವಿಲ್ಲದೆ ಬೆಳುದಿಂಗಳಿನಲ್ಲಿಯೇ ಆರು ತಿಂಗಳ ಕಾಲ ಪ್ರತಿ ಮಾಡಿಕೊಂಡನೆಂದೂ, ಅದು ತಿಳಿದ ಅಣ್ಣನು ಪ್ರತಿಯನ್ನು ಕಸಿದುಕೊಂಡನೆಂದೂ 1754ರಲ್ಲಿ ಅಚ್ಚಾದ ಅವನ ಜೀವನಸಂಗ್ರಹವು ಹೇಳುತ್ತದೆ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ತಾನೇ ಕಲಿಯಬೇಕೆಂಬ ಛಲ ಅವನಲ್ಲಿ ಅಂದೇ ಬೇರೂರಿತ್ತು.

1703ರಲ್ಲಿ ಆರ್ನ್‌ಸ್ಟಾಟ್ ಊರಿನ ಹೊಸ ಚರ್ಚಿಗೆ ಹೊಸ ಆರ್ಗನ್ ಬಂದಿತು. ಅದನ್ನು ಪರೀಕ್ಷಿಸಲು ಊರಿನವರು ಕರೆಸಿದುದು ಹದಿನೆಂಟು ವರ್ಷದ ಬಾಖನನ್ನು. ಪರೀಕ್ಷಕನಾಗಿ ಬಂದವನ ವಾದನವನ್ನು ಕೇಳಿ ಅವನನ್ನೇ ಆ ಸ್ಥಾನಕ್ಕೆ ನೇಮಿಸಿಕೊಂಡರು. ಸಂಬಳ 50 ಗುಲ್ಡೆನ್. ಊಟ ವಸತಿಗಳಿಗೆಂದು 30 ಟಾಲರ್. ಆ ವಯಸ್ಸಿನವನಿಗೆ ಇದು ಉದಾರವಾದ ವೇತನವೇ ಸರಿ.

ಇಲ್ಲಿ ಆರ್ಗನ್ನಿನ ವಿಷಯವಾಗಿ ಒಂದು ಮಾತನ್ನು ಹೇಳಬೇಕು. ಅದು ನಮ್ಮ ಹಾರ್ಮೋನಿಯಮ್ಮಿನಂತೆ ಗಾಳಿಯ ಬಲದಿಂದ ನುಡಿಯುವ ವಾದ್ಯ. ಆದರೆ ಅದರ ಧ್ವನಿ ಹೊರಡುವುದು ನೂರಾರು ಕೊಳವೆಗಳಿಂದ. ಕೈಗೆ ಬೇರೆ ಮನೆಗಳು, ಕಾಲಿಗೆ ಬೇರೆ ಮನೆಗಳು. ಕೊಳಲಿನಂಥ ನಾದ, ತುತ್ತೂರಿಯಂಥ ನಾದ, ಗುಡುಗಿನಂಥ ಮಂದ್ರ, ಎಲ್ಲವೂ ಒಬ್ಬನ ಅಧೀನದಲ್ಲಿರುತ್ತವೆ. ಅದರ ಮುಂದೆ ಕುಳಿತವನಿಗೆ ಮೇಳದ ಹಂಗಿಲ್ಲ. ಅವನೇ ಒಂದು ಮೇಳ. ಮೊದಲೇ ಒಂಟಿಯಾಗಿ ಬೆಳೆದ ತರುಣನಿಗೆ ಇಂಥ ವಾದ್ಯ ದೊರೆತ ಮೇಲೆ ಇತರರ ಅವಶ್ಯಕತೆ ತೋರದಿದ್ದರೆ ಆಶ್ಚರ್ಯವೇನು?

ಆದರೆ ಚರ್ಚಿನವರಿಗೆ ಅವನಿಂದ ಬೇಕಾಗಿದ್ದುದು ಆರ್ಗನ್ ಒಂದೇ ಅಲ್ಲ. ಊರಿನ ಶಾಲೆಯ ವಿದ್ಯಾರ್ಥಿಗಳದೊಂದು ಮೇಳವಿದ್ದಿತು. ಆರ್ಗನ್ ವಾದಕನು ಅವರೊಡನೆ ಸೇರಿ ಹಾಡು ವಾದ್ಯಗಳು ಕೂಡಿದ ಸಂಗೀತವನ್ನು ನಡೆಸಿಕೊಡಲಿ ಎಂಬುದು ಹಿರಿಯರ ಅಪೇಕ್ಷೆ. ವಿದ್ಯಾರ್ಥಿಗಳಲ್ಲಿ ಕೆಲವರು ಬಾಖನಿಗಿಂತ ವಯಸ್ಸಿನಲ್ಲಿ ದೊಡ್ಡವರು, ಶಿಸ್ತು ಅಷ್ಟಕ್ಕಷ್ಟೆ, ವಿದ್ಯೆಯೂ ಹಾಗೆಯೇ. ತನ್ನನ್ನು ನೇಮಿಸಿಕೊಂಡಿರುವುದು ಸ್ತೋತ್ರಗೀತೆಗಳಿಗೆ ಆರ್ಗನ್ ನುಡಿಸಲು ಮಾತ್ರವೆಂದೂ, ಮೇಳದ ಹೊಣೆ ತನ್ನದಲ್ಲವೆಂದೂ ಬಾಖ್ ದೂರ ಸರಿದು ನಿಂತನು. ಇದರ ಫಲ ಬೀದಿಯಲ್ಲಿ ಕಾಣಿಸಿಕೊಂಡಿತು.

1705ನೆಯ ಇಸವಿ ಆಗಸ್ಟ್ 4ರ ರಾತ್ರಿ ಬಾಖ್ ತನ್ನ ಬಂಧುವಾದ ಒಬ್ಬ ಯುವತಿಯೊಡನೆ ಊರಿನ ಚೌಕವನ್ನು ದಾಟಿ ಬರುತ್ತಿದ್ದನು. ಅಲ್ಲಿ ಕುಳಿತಿದ್ದ ಆರು ಮಂದಿ ವಿದ್ಯಾರ್ಥಿಗಳಲ್ಲಿ ಗಾಯರ್ಸ್‌ಬಾಖ್ ಎಂಬುವನು ಎದ್ದು ಬಂದು, ಕೈಯಲ್ಲಿ ದೊಣ್ಣೆ ಹಿಡಿದು, ತನ್ನನ್ನೇಕೆ ಹೀಯಾಳಿಸಿದೆ ಎಂದು ಕೇಳಿದನು. ಇವನು ಮೇಳದಲ್ಲಿ ಬಸೂನ್ ಎಂಬ ಮಂದ್ರಸ್ಥಾಯಿಯ ಸುಷಿರವಾದ್ಯವನ್ನು ನುಡಿಸುತ್ತಿದ್ದವನು. ಅವನ ವಾದನವನ್ನು ಕುರಿತು ಬಾಖ್ ಹಿಂದೆ ಒಂದು ಒರಟು ಬೈಗುಳವನ್ನು ಆಡಿದ್ದುದು ನಿಜ. ಮಾತಿಗೆ ಮಾತು ಬೆಳೆಯಿತು, ದೊಣ್ಣೆ ಮೇಲೆದ್ದಿತು, ಬಾಖ್ ಕತ್ತಿಯನ್ನು ಹಿರಿದನು. ಉಳಿದ ವಿದ್ಯಾರ್ಥಿಗಳು ನಡುವೆ ಬಿದ್ದು ಬಿಡಿಸಿದರು.

ಮರುದಿನ ಚರ್ಚಿನ ಆಡಳಿತ ಮಂಡಲಿಯ ಮುಂದೆ ದೂರು ಒಯ್ದವನು ಬಾಖನೇ. ಮಂಡಲಿಯವರು ಸಾಕ್ಷಿಗಳನ್ನು ವಿಚಾರಿಸಿ, ಗಾಯರ್ಸ್‌ಬಾಖನ ತಪ್ಪನ್ನು ಕಂಡರಾದರೂ ದೂರು ತಂದವನನ್ನೂ ಬಿಡಲಿಲ್ಲ. ಬೈದುದು ಸರಿಯಲ್ಲ, ವಿದ್ಯಾರ್ಥಿಗಳೊಡನೆ ಹೊಂದಿಕೊಳ್ಳುವುದಿಲ್ಲವೆಂಬ ಹೆಸರು ನಿನಗೆ ಈಗಾಗಲೆ ಬಂದಿದೆ, ಮನುಷ್ಯನು ಅಪೂರ್ಣತೆಗಳ ನಡುವೆಯೇ ಬಾಳಬೇಕಾಗಿದೆ, ಇದು ಅವರ ಬುದ್ಧಿವಾದದ ಸಾರ. ಸಣ್ಣ ಊರಿನ ಅಧಿಕಾರಿಗಳು ಒಂದು ಬೀದಿಜಗಳದ ವಿಚಾರಣೆಯಲ್ಲಿ ಆಡಿದ ಮಾತು ಇದು. ಆದರೂ ಬಾಖನ ಮುಂದಿನ ಬಾಳಿನ ತೊಡಕೆಲ್ಲ ಅದರಲ್ಲಿ ಅಡಗಿದೆ.

ತರುಣನಿಗೆ ಆ ಮಾತು ರುಚಿಸಿದಂತೆ ಕಾಣುವುದಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ವಾರದ ರಜೆ ಪಡೆದು, ತನ್ನ ಬದಲಿಗೆ ಬಂಧುವೊಬ್ಬನನ್ನು ನಿಲ್ಲಿಸಿ, ಸುಮಾರು 400 ಕಿಲೋಮೀಟರು ದೂರದ ಲ್ಯೂಬೆಕ್ ನಗರಕ್ಕೆ ಕಾಲುನಡಿಗೆಯಲ್ಲಿ ಹೊರಟನು. ಅಲ್ಲಿ ಬುಕ್ಸ್‌ಟಹೂಡೆ ಎಂಬ ವೃದ್ಧ ವಿದ್ವಾಂಸನಿದ್ದನು. ಆರ್ಗನ್ ವಾದನದಲ್ಲಿ ಉತ್ತರ ಜರ್ಮನಿಗೆಲ್ಲ ಹಿರಿಯನೆನಿಸಿದ್ದವನು. ಆದರೆ ಬುಕ್ಸ್‌ಟಹೂಡೆಯ ಕೀರ್ತಿಗೆ ಇನ್ನೊಂದು ಕಾರಣವೂ ಇದ್ದಿತು. ಅವನು ವರ್ಷಕ್ಕೊಮ್ಮೆ ಚರ್ಚಿನಲ್ಲಿ ಸಂಧ್ಯಾಸಂಗೀತಗಳನ್ನು ಏರ್ಪಡಿಸುತ್ತಿದ್ದನು. ಬಾಖ್ ಅಲ್ಲಿದ್ದ ಚಳಿಗಾಲದಲ್ಲಿಯೇ, ಡಿಸೆಂಬರ್ 2 ಮತ್ತು 3ರಂದು, ಚಕ್ರವರ್ತಿ ಲಿಯೋಪೋಲ್ಡನ ಮರಣ ಮತ್ತು ಜೋಸೆಫನ ಪಟ್ಟಾಭಿಷೇಕಗಳ ನಿಮಿತ್ತ ಎರಡು ಅಸಾಧಾರಣವಾದ ಸಂಗೀತಸಭೆಗಳು ನಡೆದವು. ಹಾಡುಗಾರರೂ ವಾದಕರೂ ಗುಂಪುಗುಂಪಾಗಿ ನಿಂತು ನಡೆಸಿಕೊಟ್ಟ ದೊಡ್ಡ ಮೇಳ ಅದು. ಒಬ್ಬ ಆರ್ಗನ್ ವಾದಕನು ಹತ್ತಾರು ಮಂದಿಯನ್ನು ಕೂಡಿಸಿಕೊಂಡು ಏನನ್ನು ಸಾಧಿಸಬಲ್ಲನೆಂಬುದಕ್ಕೆ ಲ್ಯೂಬೆಕ್ ಉದಾಹರಣೆಯಾಗಿದ್ದಿತು. ನಾಲ್ಕು ವಾರ ಕಳೆಯಿತು. ನಾಲ್ಕು ತಿಂಗಳಾಗುತ್ತ ಬಂದಿತು. 1706ರ ಆರಂಭದಲ್ಲಿ ಬಾಖ್ ಹಿಂದಿರುಗಿದನು.

ಫೆಬ್ರವರಿ 21ರಂದು ಮಂಡಲಿ ಮತ್ತೆ ಕರೆಯಿತು. ಇಷ್ಟು ಕಾಲ ಎಲ್ಲಿದ್ದೆ ಎಂಬುದು ಮೊದಲ ಪ್ರಶ್ನೆ. ವಿದ್ಯೆಯ ಕೆಲವು ವಿಷಯಗಳನ್ನು ತಿಳಿಯಲು ಹೋಗಿದ್ದೆನೆಂದು ಉತ್ತರ. ಸ್ತೋತ್ರಗೀತೆಗಳಲ್ಲಿ ವಿಚಿತ್ರವಾದ ಬದಲಾವಣೆಗಳನ್ನು ಸೇರಿಸಿ, ಹೊರಗಿನ ಸ್ವರಗಳನ್ನು ಬೆರಸಿ, ಹಾಡುವ ಭಕ್ತಜನರಿಗೆ ದಾರಿ ತಪ್ಪಿಸುತ್ತಿದ್ದೀ ಎಂಬುದು ಎರಡನೆಯ ಆಕ್ಷೇಪ. ಇದೇ ವಿಚಾರಣೆಯಲ್ಲಿ ಮೇಳದ ಮುಖ್ಯ ವಿದ್ಯಾರ್ಥಿಯೂ ಹೇಳಿಕೆ ಕೊಟ್ಟನು: ಮೊದಲು ಬಾಖ್ ಬಹಳ ದೀರ್ಘವಾಗಿ ನುಡಿಸುತ್ತಿದ್ದನಂತೆ, ಹಿರಿಯರು ಆಕ್ಷೇಪಿಸಿದೊಡನೆ ತೀರ ಮೊಟಕು ಮಾಡಿಬಿಟ್ಟನಂತೆ. ಆ ವಿದ್ಯಾರ್ಥಿಯೇನೂ ಸಾಧುವಲ್ಲ. ಪ್ರವಚನದ ನಡುವೆ ಎದ್ದು ದ್ರಾಕ್ಷಾರಸದ ಅಂಗಡಿಗೆ ಹೋದುದಕ್ಕಾಗಿ ಅವನಿಗೂ ಛೀಮಾರಿಯಾಯಿತು. ಬಾಖ್ ಎಂತಹ ಜನರ ನಡುವೆ ಇದ್ದನೆಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ಮುಖ್ಯವಾದ ಆಕ್ಷೇಪ. ವಿದ್ಯಾರ್ಥಿಗಳೊಡನೆ ಸೇರಿ ಏಕೆ ನುಡಿಸುವುದಿಲ್ಲ? ಯೋಗ್ಯನಾದ ಒಬ್ಬ ಮೇಳನಾಯಕನನ್ನು ಕೊಟ್ಟರೆ ನುಡಿಸಲು ಅಡ್ಡಿಯಿಲ್ಲವೆಂದು ಬಾಖ್ ಹೇಳಿದನು. ಈ ಉತ್ತರವನ್ನು ಕೇವಲ ಹಮ್ಮೆಂದು ತಳ್ಳಿಹಾಕಬಾರದು; ಅದರಲ್ಲಿ ನ್ಯಾಯವಿದೆ. ನಾಯಕನಿಲ್ಲದ ಮೇಳ ಮೇಳವಲ್ಲ. ಆದರೆ ಆ ಊರಿನಲ್ಲಿ ನಾಯಕನಾಗಬಲ್ಲವನು ಯಾರು? ಉತ್ತರ ಹೇಳುತ್ತಿದ್ದವನೇ ಆ ಯೋಗ್ಯನೆಂಬುದು ಅವನಿಗಿನ್ನೂ ಹೊಳೆದಿರಲಿಲ್ಲ, ಹೊಳೆದಿದ್ದರೂ ಮನಸ್ಸಾಗಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮಂಡಲಿ ಇನ್ನೊಮ್ಮೆ ಕರೆಯಿಸಿ ಇದೇ ಪ್ರಶ್ನೆಯನ್ನು ಕೇಳಿತು. ಲಿಖಿತವಾಗಿ ತಿಳಿಸುವೆನೆಂದು ಹೇಳಿ ಬಾಖ್ ಹೊರಬಂದನು. 1707ರಲ್ಲಿ ಆ ಊರನ್ನೇ ಬಿಟ್ಟನು.

ಹೊಸ ಊರು ಮ್ಯೂಲ್‌ಹೌಸೆನ್. ಅಲ್ಲಿ 1708ರ ಫೆಬ್ರವರಿ 4ರಂದು ನಗರಸಭೆಯ ಹೊಸ ಸದಸ್ಯರ ಪ್ರತಿಷ್ಠಾಪನೆಗಾಗಿ ಅವನ ಒಂದು ಕಂಟಾಟ, ಎಂದರೆ ಹಲವು ಹಾಡುಗಾರರೂ ವಾದ್ಯಗಳೂ ಕೂಡಿದ ಭಕ್ತಿಪ್ರಬಂಧ, ಮೊಳಗಿತು. ತುತ್ತೂರಿ ನಗಾರಿಗಳದೊಂದು ಗುಂಪು, ಕೊಳಲುಗಳದೊಂದು, ತಂತಿವಾದ್ಯಗಳದೊಂದು, ಓಬೋಗಳದೊಂದು. ಆ ಕೊನೆಯ ಗುಂಪಿನಲ್ಲಿ ಒಂದು ಬಸೂನ್ ಸಹ. ಮೇಳದ ಹೊಣೆ ತನ್ನದಲ್ಲವೆಂದವನು ಎರಡೂವರೆ ವರ್ಷದೊಳಗಾಗಿ ಊರಿನ ವಾದಕರನ್ನೆಲ್ಲ ಒಂದು ಕೃತಿಯಲ್ಲಿ ಕೂಡಿಸಿದ್ದನು. ಲ್ಯೂಬೆಕ್ಕಿನ ಪಾಠ ಫಲಿಸಿದುದು ಹೀಗೆಂದು ತೋರುತ್ತದೆ. ಹಿರಿಯರ ಬುದ್ಧಿವಾದವು ಹೇಳಿದ್ದುದು ಸಹಿಸಿಕೊಂಡು ಬಾಳೆಂದು. ಲ್ಯೂಬೆಕ್ ತೋರಿಸಿದ್ದುದು ಸೇರಿ ನುಡಿಸಿದರೆ ಏನಾಗುತ್ತದೆಂಬುದನ್ನು. ಪ್ರತಿಭಾವಂತನ ಮನಸ್ಸು ತಿರುಗುವುದು ಮೊದಲನೆಯದರಿಂದಲ್ಲ, ಎರಡನೆಯದರಿಂದ.

ಇದಾದ ಮೇಲೆ ಬಾಖ್ ಮೃದುವಾದನೆಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ವೈಮಾರಿನಲ್ಲಿ 1714ರಿಂದ ತಿಂಗಳಿಗೊಂದು ಹೊಸ ಕೃತಿಯಂತೆ ಮೇಳವನ್ನು ನಡೆಸಿದವನು, 1717ರಲ್ಲಿ ಬಿಡುಗಡೆಗಾಗಿ ಹಟಹಿಡಿದು ದೊರೆಯ ಕೋಪಕ್ಕೆ ಗುರಿಯಾಗಿ ನವೆಂಬರ್ 6ರಿಂದ ಡಿಸೆಂಬರ್ 2ರವರೆಗೆ ಸೆರೆಯಲ್ಲಿದ್ದನು. 1723ರಲ್ಲಿ ಲೈಪ್ಸಿಗ್ ನಗರದ ಸಂತ ಥಾಮಸ್ ಶಾಲೆಗೆ ಸಂಗೀತಾಧಿಕಾರಿಯಾಗಿ ಬಂದ ಮೇಲೆಯೂ ಅಧಿಕಾರಿಗಳೊಡನೆ ಅವನ ವ್ಯಾಜ್ಯ ನಿಲ್ಲಲಿಲ್ಲ. ಸ್ವಭಾವ ಹಾಗೆಯೇ ಉಳಿಯಿತು. ಬದಲಾದುದು ಅದನ್ನು ತೊಡಗಿಸಿದ ರೀತಿ.

1730ರ ಆಗಸ್ಟಿನಲ್ಲಿ ಅವನು ಲೈಪ್ಸಿಗ್ ನಗರಸಭೆಗೆ ಒಂದು ಮನವಿಯನ್ನು ಬರೆದನು. ತನ್ನ ಶಾಲೆಯ ಹುಡುಗರನ್ನು ಅದರಲ್ಲಿ ಮೂರು ಪಟ್ಟಿಗಳಾಗಿ ವಿಂಗಡಿಸಿದ್ದಾನೆ: ಉಪಯುಕ್ತರು 17, ಇನ್ನೂ ಸಿದ್ಧರಾಗದವರು 20, ಅಯೋಗ್ಯರು 17. ಇಪ್ಪತ್ತೈದು ವರ್ಷ ಕಳೆದಿದ್ದರೂ ಆ ಕಿವಿ ಒಂದು ಶ್ರುತಿಯಷ್ಟೂ ಸಡಿಲವಾಗಿರಲಿಲ್ಲ. ಆದರೆ ಆರ್ನ್‌ಸ್ಟಾಟಿನಲ್ಲಿ ಇಂಥದೇ ಅಸಮಾಧಾನವು ಬೈಗುಳವಾಗಿ ಹೊರಬಿದ್ದಿತ್ತು. ಇಲ್ಲಿ ಹುಡುಗರಿಗಾಗಿ, ವಾದಕರಿಗಾಗಿ, ಅವರ ವೇತನಕ್ಕಾಗಿ ವಾದಿಸುವ ಅರ್ಜಿಯಾಯಿತು. ಮೇಲಾಗಿ, ಇಂತಹ ಅಪೂರ್ಣರ ಮೇಳವನ್ನು ಮುಂದಿಟ್ಟುಕೊಂಡೇ ಅವನು 1724ರಲ್ಲಿ ಯೋಹಾನನ ಪ್ಯಾಶನ್, 1727ರಲ್ಲಿ ಮತ್ತಾಯನ ಪ್ಯಾಶನ್ ಎಂಬ ಮಹಾಕೃತಿಗಳನ್ನು ಕೇಳಿಸಿದ್ದನು.

ಇನ್ನೂ ವಿಶೇಷವಾದ ಸಂಗತಿ ಒಂದಿದೆ. 1729ರಲ್ಲಿ ಅವನು ತಾನಾಗಿ ಒಂದು ಸಂಗೀತಮಂಡಲಿಯ ನಾಯಕತ್ವವನ್ನು ವಹಿಸಿಕೊಂಡನು. ಚರ್ಚಿನ ಕೆಲಸಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅದು ಸೇರುತ್ತಿದ್ದುದು ತ್ಸಿಮ್ಮರ್‌ಮನ್ ಎಂಬವನ ಕಾಫಿ ಮನೆಯಲ್ಲಿ. ಅದರ ಸದಸ್ಯರಲ್ಲಿ ಬಹುಮಂದಿ ಯಾರು? ವಿದ್ಯಾರ್ಥಿಗಳು. ಆರ್ನ್‌ಸ್ಟಾಟಿನ ಹಿರಿಯರು ಆಜ್ಞೆ ಮಾಡಿದರೂ ಒಲ್ಲೆನೆಂದುದನ್ನು ಲೈಪ್ಸಿಗ್‌ನಲ್ಲಿ ಯಾರ ಆಜ್ಞೆಯೂ ಇಲ್ಲದೆ, ನಡುವೆ ಸ್ವಲ್ಪ ಕಾಲವನ್ನು ಬಿಟ್ಟರೆ, ಹತ್ತು ವರ್ಷಕ್ಕೂ ಮೇಲ್ಪಟ್ಟು ನಡೆಸಿದನು. ಯೋಗ್ಯ ನಾಯಕನನ್ನು ಕೊಡಿರೆಂದು ಕೇಳಿದ್ದವನು ಕೊನೆಗೆ ತಾನೇ ಆ ನಾಯಕನಾಗಿದ್ದನು.

ಲೈಪ್ಸಿಗ್‌ನ ಅವನ ಮನೆ ಬಂದುಹೋಗುವವರಿಂದ ತುಂಬಿ ಪಾರಿವಾಳದ ಗೂಡಿನಂತಿದ್ದಿತೆಂದು ಮಗನಾದ ಕಾರ್ಲ್ ಫಿಲಿಪ್ ಇಮಾನುಯೆಲ್ ಬಾಖನು ತಂದೆಯ ಮರಣದ ಎಷ್ಟೋ ವರ್ಷಗಳ ಮೇಲೆ ನೆನೆದಿದ್ದಾನೆ. ಅವನೇ ಹೇಳಿರುವ ಇನ್ನೊಂದು ವಿಷಯವುಂಟು. ಮೇಳದಲ್ಲಿ ಕುಳಿತಾಗ ತಂದೆಗೆ ಎಲ್ಲಕ್ಕಿಂತ ಪ್ರಿಯವಾಗಿದ್ದುದು ವಯೋಲ ನುಡಿಸುವುದು. ವಯೋಲವೆಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ, ತಗ್ಗಿದ ದನಿಯ ವಾದ್ಯ. ಮೇಲಿನ ಸ್ವರಗಳಿಗೂ ಕೆಳಗಿನ ಸ್ವರಗಳಿಗೂ ನಡುವೆ ಅದರ ಸ್ಥಾನ. ಕೇಳುವವರು ಸಾಮಾನ್ಯವಾಗಿ ಅದನ್ನು ಗಮನಿಸುವುದೂ ಇಲ್ಲ. ಆದರೆ ಅಲ್ಲಿ ಕುಳಿತವನಿಗೆ ಎರಡು ಪಕ್ಕದವರ ದನಿಯೂ ಕೇಳಿಸುತ್ತದೆ. ಒಬ್ಬನೇ ಒಂದು ಮೇಳವಾಗಿದ್ದ ತರುಣನು ಹುಡುಕಿಕೊಂಡು ಬಂದು ನೆಲೆನಿಂತುದು ಆ ನಡುವಣ ಸ್ಥಾನದಲ್ಲಿ.