ಮಿಲ್ಲಿನ ಚೀಟಿ, ಮನೆಯ ಮಗು

ಗಡಿನಾಡಿನ ನಮಗೆ ಕೊಯಮತ್ತೂರು ಎಂದರೆ ಪಾಲಕ್ಕಾಡಿನ ಕಣಿವೆ ದಾಟಿದೊಡನೆ ಸಿಗುವ ಹತ್ತಿಯ ಊರು. ಅಲ್ಲಿನ ದೇವಾಂಗ ನೇಕಾರರ ಮನೆಗಳೊಳಗೆ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. 1888ರಲ್ಲಿ ಸ್ಟೇನ್ಸ್ ಮಿಲ್ಲು ಬಂದಿತು. 1930ರ ದಶಕದಲ್ಲಿ ಪೈಕಾರಾದ ವಿದ್ಯುತ್ತು ಬಂದ ಮೇಲೆ ಮಿಲ್ಲುಗಳ ಸಾಲೇ ಎದ್ದಿತು. ಈ ಊರಿನ ಚರಿತ್ರೆ ಬರೆದವರು ನೂಲು, ಮುಷ್ಕರ, ಮಾಲೀಕರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನ್ನ ಕುತೂಹಲ ಬೇರೆಯದು. ಯಂತ್ರಕ್ಕೆ ಬೆರಳು ಕೊಟ್ಟವನ ಚಿಕಿತ್ಸೆಗೆ, ಹುಟ್ಟಿದಂದಿನಿಂದ ನಡೆಯಲಾರದ ಅವನ ಮಗುವಿನ ಔಷಧಿಗೆ ಹಣ ಕೊಟ್ಟವರು ಯಾರು?

1923ರ ಪರಿಹಾರ ಕಾಯಿದೆಯಲ್ಲಿ ಕೈ ಹೋದವನಿಗೆ ಮಾಲೀಕ ಒಂದಿಷ್ಟು ಹಣ ಕೊಟ್ಟರೆ ಮುಗಿಯಿತು. 1944ರಲ್ಲಿ ಬಿ.ಪಿ. ಅಡಾರ್ಕರ್ ಅವರು ಆರೋಗ್ಯ ವಿಮೆಯ ವರದಿ ಕೊಟ್ಟರು. ಅದರಿಂದ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಹುಟ್ಟಿತು. ಈ ಇ.ಎಸ್.ಐ. ಯೋಜನೆ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾಗಿ 1955ರಲ್ಲಿ ಕೊಯಮತ್ತೂರಿಗೆ ಬಂದಿತು. ಕಾರ್ಮಿಕನ ಕೂಲಿಯಿಂದ ಒಂದು ಪಾಲು, ಮಾಲೀಕನಿಂದ ಹೆಚ್ಚಿನ ಪಾಲು. ಔಷಧಾಲಯ, ಆಸ್ಪತ್ರೆ ನಡೆಸುವ ಹೊಣೆ ರಾಜ್ಯ ಸರಕಾರದ್ದು. ವೈದ್ಯಕೀಯ ವೆಚ್ಚದ ಎಂಟನೆಯ ಒಂದು ಭಾಗವನ್ನೂ ಅದೇ ಹೊರಬೇಕು. ಚಿಕಿತ್ಸೆ ಮೊದಲು ಕಾರ್ಮಿಕನಿಗೆ ಮಾತ್ರ ಸಿಕ್ಕಿತು, ಕುಟುಂಬಕ್ಕೆ ಆಮೇಲೆ.

ಕಾಯಿದೆಯ ಎರಡನೆಯ ಅನುಸೂಚಿಯನ್ನು ಮೊದಲ ಸಲ ಓದಿದಾಗ ನನಗೆ ಸಂತೆಯ ದರಪಟ್ಟಿ ನೆನಪಾಯಿತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14. ಒಂದೇ ಕೈಯ ನಾಲ್ಕು ಬೆರಳು ಹೋದರೆ 50. ಕ್ರೂರವಾಗಿ ಕಂಡರೂ ಈ ಲೆಕ್ಕದಿಂದಲೇ ಆತನಿಗೆ ಬದುಕಿರುವ ತನಕ ತಿಂಗಳ ಹಣ ಬರುತ್ತಿತ್ತು. ಮಾಲೀಕನ ಮರ್ಜಿ ಕಾಯಬೇಕಾಗಿರಲಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕುಟುಂಬ’ ಎಂಬ ಪದದ ವಿವರಣೆ. ದೇಹದ ಅಥವಾ ಮನಸ್ಸಿನ ಊನದಿಂದ ಅಶಕ್ತವಾಗಿರುವ, ಕಾರ್ಮಿಕನ ಗಳಿಕೆಯನ್ನೇ ಪೂರ್ತಿಯಾಗಿ ನಂಬಿರುವ ಮಗು, ಆ ಅಶಕ್ತತೆ ಇರುವವರೆಗೂ ಕುಟುಂಬವೇ. ವಯಸ್ಸು ನಲವತ್ತಾದರೂ ಸರಿ. ಇಷ್ಟು ಉದಾರವಾದ ಸಾಲನ್ನು ನಮ್ಮ ಕಾಯಿದೆಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ತೊಡಕಿರುವುದೂ ಅದೇ ಸಾಲಿನಲ್ಲಿ. ಮಗುವಿನ ಹಕ್ಕು ನಿಂತದ್ದು ತಂದೆಯ ಕೂಲಿಯ ಮೇಲೆ. ಆತ ನಿವೃತ್ತನಾದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ತಾನೂ ಹೆಂಡತಿಯೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಮಗುವಿನ ಹೆಸರು ಅಲ್ಲಿಲ್ಲ. ಮಿಲ್ಲೇ ಮುಚ್ಚಿದರೆ ವಂತಿಗೆ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಚೀಟಿಯ ಬಲವೂ ಮುಗಿಯುತ್ತದೆ. ಕೊಯಮತ್ತೂರಿನಲ್ಲಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಕಾಲದಲ್ಲಿ ನನಗೆ ಪರಿಚಯವಿದ್ದ ನೂಲುವ ಖಾತೆಯ ಕಾರ್ಮಿಕರೊಬ್ಬರು ಹೇಳಿದ್ದರು: “ನನಗೆ ಹೊಟ್ಟೆಪಾಡು ಎಲ್ಲಾದರೂ ಸಿಗುತ್ತದೆ ಸ್ವಾಮಿ. ಹುಡುಗನಿಗೆ ಫಿಟ್ಸಿನ ಮಾತ್ರೆ ಮಾತ್ರ ಆ ಚೀಟಿಯಲ್ಲೇ ಬರುತ್ತಿತ್ತು.”

ಅಂಥವರಲ್ಲಿ ಕೆಲವರು ತಿರುಪ್ಪೂರಿನ ಬನಿಯನ್ ಕೆಲಸಕ್ಕೆ ಹೋದರು. ಅಲ್ಲಿ ಹೆಣಿಗೆ ಒಂದೆಡೆ, ಬಣ್ಣ ಒಂದೆಡೆ, ಹೊಲಿಗೆ ಮತ್ತೊಂದೆಡೆ. ಹತ್ತು ಜನರಿಗಿಂತ ಕಡಿಮೆಯಿರುವ ಶೆಡ್ಡಿಗೆ ಈ ವಿಮೆ ಕಡ್ಡಾಯವಿರಲಿಲ್ಲ. ದೊಡ್ಡ ಕಾರ್ಖಾನೆಯವರಿಗೆ ಚೀಟಿ ಸಿಕ್ಕಿತು. ತುಂಡಿನ ಲೆಕ್ಕದಲ್ಲಿ ಮನೆಯಲ್ಲೇ ದುಡಿಯುವ ಹೆಂಗಸರಿಗೆ ಸಿಗಲಿಲ್ಲ. ನಮ್ಮ ಕಡೆಯ ಬೀಡಿ ಕಟ್ಟುವವರಿಗೆ 1976ರ ಕಾಯಿದೆಯಿಂದ ಪ್ರತ್ಯೇಕ ಕಲ್ಯಾಣ ನಿಧಿಯಾದರೂ ಬಂದಿತ್ತು, ಮನೆಯಲ್ಲಿ ಕುಳಿತು ಕಟ್ಟಿದವರಿಗೂ. ಬನಿಯನ್ನಿಗೆ ಅಂಥದೊಂದು ಏಕೆ ಬರಲಿಲ್ಲವೆಂದು ಯಾರೂ ಕೇಳಿದಂತಿಲ್ಲ.

2008ರಲ್ಲಿ ಕೇಂದ್ರ ಸರಕಾರ, ಅಂಗವಿಕಲರನ್ನು ಕೆಲಸಕ್ಕೆ ಸೇರಿಸಿಕೊಂಡ ಖಾಸಗಿ ಮಾಲೀಕರ ಪಾಲಿನ ವಂತಿಗೆಯನ್ನು ಮೊದಲ ಮೂರು ವರ್ಷ ತಾನೇ ಕಟ್ಟುವುದಾಗಿ ಹೇಳಿತು. ಕಿವಿ ಕೇಳದ ಹುಡುಗಿ ಹೊಲಿಗೆಯಂತ್ರದ ಮುಂದೆ ಕೂರಬಲ್ಲಳು, ಅವಳಿಗೆ ಒಳ್ಳೆಯದೇ. ಹಾಸಿಗೆ ಬಿಟ್ಟೇಳದವನಿಗೆ ಅದರಿಂದೇನು? 2012ರಲ್ಲಿ ತಮಿಳುನಾಡು ಆರಂಭಿಸಿದ ಮುಖ್ಯಮಂತ್ರಿ ವಿಮಾ ಯೋಜನೆಗೆ ತಂದೆಯ ಉದ್ಯೋಗ ಬೇಕಿಲ್ಲ, ಬಡತನದ ದಾಖಲೆ ಸಾಕು. ಆದರೆ ಅದು ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆ, ಆಸ್ಪತ್ರೆವಾಸಗಳಿಗೆ, ದಿನದಿನದ ಮಾತ್ರೆಗಲ್ಲ.

2025ರ ನವೆಂಬರಿನಲ್ಲಿ ಹಳೆಯ ಕಾಯಿದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿತು. ಅದರಲ್ಲಿ ‘ಕುಟುಂಬ’ದ ವಿವರಣೆ ಹುಡುಕಿದೆ. ಅಶಕ್ತ ಮಗುವಿನ ಸಾಲು ಅಲ್ಲಿಯೂ ಇದೆ. ಗಳಿಸುವವರ ಗಳಿಕೆಯನ್ನೇ ನಂಬಿರಬೇಕೆಂಬ ಮಾತೂ ಇದೆ.