ಮೇಕೆ ಮರಿಗೆ ತಾಯಿ ಹಾಲು ಸಾಲದಿದ್ದರೆ ಬಾಟಲಿಯಲ್ಲಿ ಕುಡಿಸುವುದು ಹೇಗೆ?

ಮೇಕೆಗೆ ಇರೋದು ಎರಡೇ ಮೊಲೆ. ಮೂರು ಮರಿ ಹಾಕಿದರೆ ಬಡಕಲು ಮರಿ ಹಿಂದೆ ಬೀಳುತ್ತದೆ. ಹೊಟ್ಟೆ ಒಳಸೇರಿ, ಬೆನ್ನು ಗೂನಾಗಿ, ಅರಚುತ್ತಲೇ ಇದ್ದರೆ ಹಾಲು ಸಾಲುತ್ತಿಲ್ಲ ಅಂತಲೇ ತಿಳಿಯಿರಿ.

ಮೊದಲು ಗಿಣ್ಣು: ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಲೇಬೇಕು. ಮರಿಗೆ ರೋಗ ತಡೆಯುವ ಶಕ್ತಿ ಬರೋದೇ ಅದರಿಂದ. ಮೊಲೆ ಹಿಡಿಯದಿದ್ದರೆ ಕರೆದು ಬಾಟಲಿಯಲ್ಲಿ ಕೊಡಿ.

ಎಷ್ಟು ಹಾಲು: ತಾಯಿ ಹಾಲೇ ಸಿಗದ 2 ಕೆ.ಜಿ. ಮರಿಗೆ ಮೊದಲ ವಾರ ದಿನಕ್ಕೆ 200ರಿಂದ 300 ಮಿ.ಲೀ., ನಾಲ್ಕು ಸಲ ಹಂಚಿ ಕುಡಿಸಿ. ತಾಯಿ ಹತ್ತಿರ ಅಷ್ಟಿಷ್ಟು ಕುಡಿಯುವ ಮರಿಗೆ ಹೊಟ್ಟೆ ನೋಡಿಕೊಂಡು ಕಡಿಮೆ ಕೊಡಿ. ಒಂದೇ ಸಲ ಹೆಚ್ಚು ಕುಡಿಸಿದರೆ ಭೇದಿ, ಹೊಟ್ಟೆಯುಬ್ಬರ ಬರುತ್ತದೆ. ಬೇರೆ ಮೇಕೆ ಹಾಲು ಸಿಗದಿದ್ದರೆ ಹಸುವಿನ ಹಾಲು ಆಗುತ್ತೆ, ನೀರು ಬೆರೆಸಬೇಡಿ.

ಕುಡಿಸುವ ಕ್ರಮ: ಹಾಲು ಉಗುರುಬೆಚ್ಚಗಿರಲಿ. ಮರಿ ನಿಂತಿರಲಿ, ಕತ್ತು ತುಸು ಮೇಲಿರಲಿ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ಮರಿ ಸಾಯಬಹುದು. ಮೈ ತಣ್ಣಗಾದ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಬಾಟಲಿ, ನಿಪ್ಪಲ್ ಪ್ರತಿ ಸಲ ಬಿಸಿನೀರಲ್ಲಿ ತೊಳೆಯಿರಿ.

ಮರಿಯನ್ನು ತಾಯಿ ಜೊತೆಗೇ ಬಿಡಿ. ಭೇದಿ ಆದರೆ, ಬಾಟಲಿ ಹಿಡಿಯದಿದ್ದರೆ ತಡ ಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ 1962ಕ್ಕೆ ಕರೆ ಮಾಡಿ.